ಕೇಳದೆ ಮುಚ್ಚಬಾರದು ಎನ್ನುತ್ತಿದ್ದವರು

ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮಮ್ಮ ಹೇಳುತ್ತಿರುತ್ತಾಳೆ. ಹೋದ ತಿಂಗಳು ವಿಜಯನಗರದ ಒಂದು ಸಭಾಭವನದಲ್ಲಿ ನನ್ನ ಹಳೇ ಆಫೀಸಿನ ಹಿರಿಯರೊಬ್ಬರ ವೈಕುಂಠ ಸಮಾರಾಧನೆಗೆ ಹೋಗಿ, ಬಾಳೆಎಲೆಯ ಮುಂದೆ ಕೂತು, ಹಯಗ್ರೀವವನ್ನು ಎರಡನೇ ಸಲ ಹಾಕಿಸಿಕೊಂಡು ಉಂಡು ಬಂದಿದ್ದೇನೆ. ಈಗ ಕೂತು ಜಂತೆ ಎಣಿಸುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಮತ್ತು ಮಗಳು ಒಳ್ಳೆಯವರು, ಅವರಿಗೆ ನಾನು ಅವತ್ತು ಬೇರೆಯೇ ಮಾತು ಹೇಳಿ ಬಂದಿದ್ದೇನೆ. ಆಫೀಸಿನಲ್ಲಿ ನಾವೆಲ್ಲ ಅವರನ್ನು ‘ಸಾರ್’ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ನಮ್ಮ ಆಫೀಸು ಬಸವೇಶ್ವರನಗರದಲ್ಲಿ, ಮೊಳೆ ಪೈಪು ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಹಾರ್ಡ್‌ವೇರು, ಮೇಲೆ ಸಾಫ್ಟ್‌ವೇರು ಎಂದು ಹೊಸದಾಗಿ ಸೇರಿದವರೆಲ್ಲ ಒಂದೊಂದು ಸಲ ನಗುತ್ತಿದ್ದರು. ನಾವು ಮಾಡುತ್ತಿದ್ದದ್ದು ಒಂದೇ ಸಾಫ್ಟ್‌ವೇರು. ಪ್ರಿಂಟಿಂಗ್ ಪ್ರೆಸ್ಸುಗಳವರು ಮದುವೆ, ಮುಂಜಿ, ಗೃಹಪ್ರವೇಶದ ಆಹ್ವಾನಪತ್ರಿಕೆಗಳನ್ನು ಕನ್ನಡದಲ್ಲಿ ಜೋಡಿಸುವುದಕ್ಕೆ. ಈಗಿನ ಹಾಗೆ ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ನಡೆಯುವಂಥದ್ದಲ್ಲ. ಪ್ರೆಸ್ಸಿನ ಮೇಜಿನ ಮೇಲಿನ ಕಂಪ್ಯೂಟರಿಗೆ ನಾವೇ ಹೋಗಿ ಹಾಕಿಕೊಟ್ಟು ಬರುವಂಥದ್ದು. ರಾಜಾಜಿನಗರದ ಪ್ರೆಸ್ಸುಗಳಲ್ಲಿ ಬಹಳಷ್ಟು ಕಡೆ ಅದೇ ಇತ್ತು. ಆ ಕಾಲದಲ್ಲಿ ನಿಮ್ಮ ಮನೆಗೆ ಬಂದ ಲಗ್ನಪತ್ರಿಕೆಯ ಗಣಪತಿಯ ಸೊಂಡಿಲನ್ನು ಒಂದಿಷ್ಟು ಎಡಕ್ಕೆ ಸರಿಸಿದವಳು ನಾನೇ ಇರಬಹುದು.

ಸಾರ್ ಗಿಡ್ಡ ಆಳು. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರು ಹಾಕುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ನು. ಒಂದು ತಮಗೆ, ಇನ್ನೊಂದು ಕೇಳುವವರಿಗೆ. ಕಾಫಿಯನ್ನು ಅರ್ಧ ಲೋಟ ಕುಡಿದು ಲೋಟವನ್ನು ಸದ್ದಾಗದ ಹಾಗೆ ಇಡುತ್ತಿದ್ದರು. ಅವರ ಒಂದು ಗುಣವನ್ನು ಸೇರಿದ ವಾರದಲ್ಲೇ ಎಲ್ಲರೂ ಕಂಡುಕೊಳ್ಳುತ್ತಿದ್ದರು. ಅವರು ಜನರನ್ನು ಅಳೆಯುತ್ತಿದ್ದದ್ದು ಅವರು ವಸ್ತುಗಳನ್ನು ಹೇಗೆ ಮುಚ್ಚುತ್ತಾರೆ ಎಂಬುದರಿಂದ. ಯಾರಾದರೂ ಬಾಗಿಲನ್ನು ಧಡ್ಡೆಂದು ಹಾಕಿದರೆ ತಲೆ ಎತ್ತದೆ “ಬಾಗಿಲಿಗೆ ನೋವಾಯ್ತು” ಎನ್ನುವರು. ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಬಂದವನಿಗೆ ಅವತ್ತೆಲ್ಲ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಊಟದ ಡಬ್ಬಿಯ ಮುಚ್ಚಳವನ್ನು ಸುತ್ತ ಬೆರಳಾಡಿಸಿ ಒತ್ತುವುದು ನೋಡಿದರೆ ಮಗುವಿಗೆ ಹೊದಿಕೆ ಹೊದಿಸುತ್ತಿದ್ದಾರೇನೋ ಅನ್ನಿಸಬೇಕು.

“ತೆಗೆಯೋದು ಯಾರ್ ಬೇಕಾದ್ರೂ ತೆಗೀತಾರಮ್ಮ. ಹಾಕೋದ್ರಲ್ಲಿ ಮನೆತನ ಗೊತ್ತಾಗೋದು” ಎಂಬುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು.

ನಾನು ಕುರುಬರಹಳ್ಳಿಯವಳು. ಕನ್ನಡ ಮೀಡಿಯಮ್ಮು, ಸುಮಾರಾದ ಕಾಲೇಜು, ಇಂಗ್ಲಿಷ್ ಅಂದರೆ ನಾಲಿಗೆ ಒಣಗುತ್ತಿತ್ತು. ಇಂಟರ್‌ವ್ಯೂನಲ್ಲಿ ನಮ್ಮ ಬಾಸು ನನ್ನ ಇಂಗ್ಲಿಷ್ ಕೇಳಿ ಕಿಟಕಿಯ ಕಡೆ ನೋಡತೊಡಗಿದಾಗ, ಪಕ್ಕದಲ್ಲಿದ್ದ ಸಾರ್, “ಇಂಗ್ಲಿಷು ಬರತ್ತೆ ಬಿಡಿ ಸಾರ್. ಈ ಹುಡುಗಿ ಒಳಗೆ ಬಂದು ಬಾಗಿಲು ಎಷ್ಟು ಮೆತ್ತಗೆ ಹಾಕಿದ್ಲು ನೋಡಿದ್ರಾ?” ಎಂದರು. ನನಗೆ ಕೆಲಸ ಸಿಕ್ಕಿದ್ದು ಹಾಗೆ. ನಿಜ ಹೇಳಬೇಕೆಂದರೆ ಆ ಬಾಗಿಲಿನ ಹಿಡಿ ಸಡಿಲವಾಗಿತ್ತು, ಕೈಗೆ ಕಿತ್ತು ಬಂದೀತು ಎಂಬ ಭಯಕ್ಕೆ ಮೆತ್ತಗೆ ಹಾಕಿದ್ದೆ.

ನನ್ನ ಮೊದಲ ಪಾಠವೂ ಮುಚ್ಚುವುದರದ್ದೇ. ಕಾರ್ಡು ಜೋಡಿಸುವ ಒಂದು ವಿಂಡೋವನ್ನು ನಾನು ಬರೆದಿದ್ದೆ. ಬಲಮೂಲೆಯಲ್ಲಿರುವ ಗುಣಿಸು ಗುರುತನ್ನು ಒತ್ತಿದರೆ ಪ್ರೋಗ್ರಾಮು ಆ ಕ್ಷಣವೇ ನಿಂತುಬಿಡಬೇಕು ಎಂದು ಒಂದೇ ಸಾಲು ಹಾಕಿದ್ದೆ. ಎಷ್ಟು ಚುರುಕಾಗಿ ಮುಚ್ಚುತ್ತದೆ ಎಂದು ಹೆಮ್ಮೆ ಬೇರೆ. ಸಾರ್ ಬಂದು, “ಏಳಮ್ಮ ಸ್ವಲ್ಪ” ಎಂದು ನನ್ನ ಕುರ್ಚಿಯಲ್ಲಿ ಕೂತರು. ಮೇಲೆ ‘ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ’ ಎಂದು ಹಾಕಿ, ಕೆಳಗೆ ಚಿ|| ಸೌ|| ಎಂದು ನನ್ನ ಹೆಸರು ಹೊಡೆದರು.

“ಹುಡುಗನ ಹೆಸರೇನಮ್ಮ?”

“ಅಯ್ಯೋ, ಯಾರೂ ಇಲ್ಲ ಸಾರ್!”

“ಯಾರೋ ಒಬ್ಬ ಪುಣ್ಯಾತ್ಮ ಇರ್ತಾನೆ ಬಿಡು” ಎಂದು ಚಿ|| ರಾ|| ಪುಣ್ಯಾತ್ಮ ಎಂದೇ ಹೊಡೆದರು. ಮುಹೂರ್ತ ಹಾಕಿದರು, ಛತ್ರ ಹಾಕಿದರು, ಸುಖಾಗಮನಾಭಿಲಾಷಿಗಳು ಎಂದು ನಮ್ಮಪ್ಪ ಅಮ್ಮನ ಹೆಸರನ್ನು ಕೇಳಿ ಹಾಕಿದರು. ಅಕ್ಕಪಕ್ಕದವರೆಲ್ಲ ಎದ್ದು ಬಂದು ನಗುತ್ತ ನಿಂತಿದ್ದರು. ಆಮೇಲೆ ಸಾರ್ ಆ ಗುಣಿಸು ಗುರುತನ್ನು ಒತ್ತಿದರು. ಪರದೆ ಖಾಲಿ.

“ನೋಡು, ನಿನ್ ಮದ್ವೆ ನಿಂತೋಯ್ತು. ಯಾರನ್ನಾದ್ರೂ ಒಂದ್ ಮಾತು ಕೇಳಿದ್ಯಾ?”

ನನಗೆ ಅಳು ಬಂದಂತಾಯಿತು, ನಗುವೂ ಬಂತು. ಆಗ ಅವರು ಹೇಳಿಕೊಟ್ಟದ್ದು ಇವತ್ತಿಗೂ ನನ್ನ ಅನ್ನ. “ಆ ಗುರುತು ಒತ್ತಿದ ತಕ್ಷಣ ವಿಂಡೋ ಮುಚ್ಚಲ್ಲಮ್ಮ. ಮೊದಲು ನಮ್ಮ ಹತ್ರ ಬಂದು ‘ಮುಚ್ಲಾ?’ ಅಂತ ಕೇಳತ್ತೆ. ನಾವು ಬೇಡ ಅಂದ್ರೆ ಅಲ್ಲೇ ನಿಂತ್ಕೊಳ್ಳತ್ತೆ. ಆ ಒಂದು ಘಳಿಗೆ ಇದ್ಯಲ್ಲ, ಅಲ್ಲೇ ನಮ್ಮ ಕೆಲಸ ಇರೋದು. ಅವರು ಏನಾದ್ರೂ ಬದಲಾಯಿಸಿದ್ದಾರಾ ನೋಡು. ಬದಲಾಯಿಸಿದ್ರೆ ಉಳಿಸ್ಬೇಕಾ ಅಂತ ಕೇಳು. ಹೌದು ಅಂದ್ರೆ ಉಳಿಸಿ ಮುಚ್ಚು, ಬೇಡ ಅಂದ್ರೆ ಹಾಗೇ ಮುಚ್ಚು, ಕೈತಪ್ಪಿ ಒತ್ತಿದ್ರೆ ವಾಪಸ್ ಕೆಲಸಕ್ಕೆ ಬಿಡು. ಕೇಳದೆ ಮಾತ್ರ ಮುಚ್ಚಬೇಡ.”

ಕೇಳುವುದರಲ್ಲೂ ಅವರದ್ದು ಬೆಣ್ಣೆಯಿಂದ ಕೂದಲು ತೆಗೆಯುವಂಥ ನಾಜೂಕು. ಮೊದಲು ಆ ಮೂರನೆಯ, ವಾಪಸ್ ಕೆಲಸಕ್ಕೆ ಬಿಡುವ ಬಟನ್ನಿನ ಮೇಲೆ ‘ರದ್ದು’ ಎಂದಿತ್ತು. ಒಂದು ದಿನ ಮಹಾಲಕ್ಷ್ಮಿ ಲೇಔಟಿನಿಂದ ಒಂದು ಮನೆಯವರು ಕಾರ್ಡು ಮಾಡಿಸಲು ಪ್ರೆಸ್ಸಿಗೆ ಬಂದಿದ್ದರಂತೆ. ಹುಡುಗ ಹುಡುಗಿಯ ಹೆಸರಿನ ಮೇಲೆಯೇ ‘ಉಳಿಸಬೇಕೆ?’ ಎಂದು ಕೇಳುವ ಪೆಟ್ಟಿಗೆ ಮೂಡಿ, ಅದರಲ್ಲಿ ‘ರದ್ದು’ ಎಂಬ ಅಕ್ಷರ ಕಂಡದ್ದೇ ತಡ, ಜೊತೆಗಿದ್ದ ಅಜ್ಜಿ ಸೆರಗು ಕೊಡವಿಕೊಂಡು ಎದ್ದು ಪಕ್ಕದ ಪ್ರೆಸ್ಸಿಗೆ ಹೊರಟುಬಿಟ್ಟರು. ಸುದ್ದಿ ಕೇಳಿದ ಸಾರ್ ನಗಲಿಲ್ಲ. ಅವತ್ತೇ ‘ರದ್ದು’ ತೆಗೆದು ‘ಇರಲಿ’ ಎಂದು ಹಾಕಿದರು. ‘ನಿರ್ಗಮನ’ ಎಂದಿದ್ದ ಕಡೆ ‘ಹೋಗಿ ಬನ್ನಿ’ ಎಂದು ಮಾಡಿದರು. “ಮನೇಲಿ ದೀಪ ಆರ್ಸು ಅಂತೀವಾ? ದೊಡ್ಡದು ಮಾಡು ಅಂತೀವಿ. ಪ್ರೋಗ್ರಾಮಿಗೂ ಅಷ್ಟು ಮರ್ಯಾದೆ ಬೇಡ್ವಾ?” ಎಂದರು. ಹೀಗಿದ್ದ ಮನುಷ್ಯನನ್ನು ಯಾರಾದರೂ ನಂಬದೆ ಇರುವುದು ಹೇಗೆ ಹೇಳಿ.

ಆಫೀಸಿನಲ್ಲಿ ಎರಡು ಪದ್ಧತಿಗಳಿದ್ದವು, ಎರಡೂ ಸಾರ್ ಹಾಕಿದ್ದು. ಒಂದು, ಪ್ರತಿ ಫೈಲಿನ ತಲೆಯಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರು ಇರಬೇಕು. ಏನೇ ಎಡವಟ್ಟಾದರೂ ಆ ಹೆಸರಿನವರು ಉತ್ತರ ಹೇಳಬೇಕು. ಎರಡು, ಪಾಠವನ್ನು ಎಲ್ಲರಿಗೂ ಹೇಳಿಕೊಟ್ಟರೂ, ಯಾರ ವಿಂಡೋ ಆದರೂ ಅದನ್ನು ಮುಚ್ಚುವ ಕೋಡನ್ನು ಕೊನೆಗೆ ಸಾರ್ ಒಬ್ಬರೇ ಬರೆಯಬೇಕು. ಅದೆಲ್ಲ ಒಂದೇ ಫೈಲಿನಲ್ಲಿತ್ತು. ಅದರ ತಲೆಯಲ್ಲಿ ಅವರ ಹೆಸರು. ನಾವು ಅದನ್ನು ತೆರೆದು ನೋಡುವುದು ಕೂಡ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದಂತೆ. ನನ್ನ ಜೊತೆಯವನು ಶಶಿ ಎಂದು, ಬಾಯಿ ಜಾಸ್ತಿ. “ನಾವು ಎಷ್ಟೇ ತೆಗೆದ್ರೂ ಬಾಗಿಲು ಹಾಕೋಕೆ ಸಾರೇ ಬರ್ಬೇಕು ಗುರು” ಎಂದು ಆಡಿಕೊಳ್ಳುತ್ತಿದ್ದ. ಆದರೂ ಅವರು “ಏಳಮ್ಮ ಸ್ವಲ್ಪ” ಎಂದು ಕುರ್ಚಿಗೆ ಬಂದರೆ ನಮಗೆಲ್ಲ ಒಂದು ನೆಮ್ಮದಿ.

ಆಮೇಲೆ ಆಯುಧಪೂಜೆ ಬಂತು.

ಆಯುಧಪೂಜೆಯ ದಿನ ನಮ್ಮ ಆಫೀಸು ನೋಡಬೇಕಿತ್ತು. ಕಂಪ್ಯೂಟರುಗಳನ್ನೆಲ್ಲ ಒರೆಸಿ, ಮಾನಿಟರಿನ ಹಣೆಗೆ ವಿಭೂತಿ, ಕುಂಕುಮ, ಸೇವಂತಿಗೆ ಹೂ. ಬಾಗಿಲಿಗೆ ಬಾಳೆಕಂದು. ಕೆಳಗಿನ ಅಂಗಡಿಯವರು ನಮ್ಮ ಕುಂಬಳಕಾಯನ್ನೂ ತಾವೇ ಒಡೆದರು. ಮಂಗಳಾರತಿ ಆಗಿ, ಎಲ್ಲರ ಕೈಗೆ ಕಡ್ಲೆಪುರಿಯ ಪೊಟ್ಟಣ ಬಂದ ಮೇಲೆ ಸಾರ್ ನನ್ನನ್ನು ಕರೆದರು. ತಮ್ಮ ಕಂಪ್ಯೂಟರಿನ ಮುಂದೆ ನಿಂತು, ಆ ಮುಚ್ಚುವ ಫೈಲನ್ನು ತೆರೆದರು. ತಲೆಯಲ್ಲಿದ್ದ ತಮ್ಮ ಹೆಸರನ್ನು ಅಳಿಸಿದರು. ಅಲ್ಲಿ ನನ್ನ ಹೆಸರನ್ನು ಹೊಡೆದರು. ಬಾಸು, ಶಶಿ, ಮಿಕ್ಕವರು ಎಲ್ಲರೂ ನೋಡುತ್ತಿದ್ದರು.

“ಇವತ್ತಿಂದ ಮುಚ್ಚೋದು ಇವಳ ಕೆಲಸ. ನನ್ ಕೈ ಹಳೇದಾಯ್ತು” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಡ್ಲೆಪುರಿ ಕೈಯಲ್ಲಿಟ್ಟುಕೊಂಡೇ ಬಗ್ಗಿ ಅವರ ಕಾಲು ಮುಟ್ಟಿದೆ, ಪುರಿ ನೆಲಕ್ಕೆಲ್ಲ ಚೆಲ್ಲಿತು. ಅವರು ತಲೆಯ ಮೇಲೆ ಕೈಯಿಟ್ಟರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಫೈಲು, ಕೋಡು ಒಂದೂ ಗೊತ್ತಿಲ್ಲದ ಅಮ್ಮ, “ದೊಡ್ಡೋರು ತಮ್ ಜಾಗದಲ್ಲಿ ನಿನ್ನ ಕೂರ್ಸಿದ್ರು ಅನ್ನು” ಎಂದು ಸರಿಯಾಗಿಯೇ ಅರ್ಥ ಮಾಡಿಕೊಂಡಳು. ನನ್ನ ಮದುವೆಯ ದಿನ ಕೂಡ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ನಮ್ಮ ಯಜಮಾನರು ಇದನ್ನು ಓದಿದರೆ ಕ್ಷಮಿಸಲಿ.

ಹಬ್ಬ ಮುಗಿಸಿ ಬಂದವಳೇ ಅವರ ಹತ್ತಿರ ಹೋಗಿ, “ಸಾರ್, ಆ ಫೈಲನ್ನ ಒಂದ್ಸಲ ಪೂರ್ತಿ ಹೇಳ್ಕೊಡಿ” ಎಂದೆ.

“ಎಲ್ಲಾ ಸರಿಯಾಗಿದೆಯಮ್ಮ. ಈಗ್ಲೇ ಕೈ ಹಾಕ್ಬೇಡ. ಮದ್ವೆ ಸೀಸನ್ನು ಮುಗೀಲಿ, ಕೂತು ಹೇಳ್ಕೊಡ್ತೀನಿ” ಎಂದರು. ಹಿರಿಯರ ಮಾತು, ಸುಮ್ಮನಾದೆ.

ದೀಪಾವಳಿ ಕಳೆದು, ತುಳಸಿ ಪೂಜೆಯೂ ಆಗಿ, ಮದುವೆಗಳ ಗಲಾಟೆ ಶುರುವಾಯಿತು. ಆಗ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರೆಸ್ಸುಗಳಲ್ಲಿ ಯಾರೂ ಹೊಸ ಕಾರ್ಡನ್ನು ಮೊದಲಿನಿಂದ ಜೋಡಿಸುವುದಿಲ್ಲ. ಈಚೆಗೆ ಮಾಡಿದ ಒಂದು ಕಾರ್ಡನ್ನು ತೆರೆದು, ಅದರ ಮೇಲೆಯೇ ಹೆಸರು, ಮುಹೂರ್ತ, ಛತ್ರ ಬದಲಾಯಿಸಿ, ಕೊನೆಯಲ್ಲಿ ಬೇರೆ ಹೆಸರಿನಲ್ಲಿ ಉಳಿಸುತ್ತಾರೆ. ಎಲ್ಲ ಕಡೆಯೂ ಇದೇ ರೂಢಿ. ಸಾರಿಗೂ ಗೊತ್ತು, ನಮಗೂ ಗೊತ್ತು. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಆಪರೇಟರು ಹೀಗೆಯೇ ಒಂದು ಮದುವೆಯ ಕಾರ್ಡನ್ನು ತೆರೆದಿದ್ದ. ಅದು ಮನೆಯವರು ನೋಡಿ, ಒಪ್ಪಿ, ಮರುದಿನ ಅಚ್ಚಿಗೆ ಹೋಗಬೇಕಿದ್ದ ಕಾರ್ಡು. ಅದರಲ್ಲಿ ಹುಡುಗಿಯ ಕಡೆಯನ್ನು ಅಳಿಸಿ ಬೇರೆ ಹುಡುಗಿ, ಬೇರೆ ಅಪ್ಪ ಅಮ್ಮನ ಹೆಸರು ಹಾಕಿದ್ದಾನೆ. ಹುಡುಗನ ಕಡೆ ಇನ್ನೂ ಮುಟ್ಟಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಅವನು ಟೀ ಕುಡಿದು ಬರೋಣವೆಂದು ಎದ್ದ. ಯುಪಿಎಸ್ಸಿನ ಬ್ಯಾಟರಿ ಮುಗಿಯುತ್ತ ಬಂದಾಗ ಕಂಪ್ಯೂಟರು ತಾನಾಗಿಯೇ ಎಲ್ಲ ಪ್ರೋಗ್ರಾಮುಗಳಿಗೂ ಮುಚ್ಚಿಕೊಳ್ಳಿ ಎಂದು ಹೇಳಿ ನಿಲ್ಲತೊಡಗಿತು.

ಅಂಥ ಹೊತ್ತಿನಲ್ಲಿ ‘ಉಳಿಸಬೇಕೆ?’ ಎಂದು ಕೇಳಿದರೆ ಉತ್ತರ ಕೊಡಲು ಮುಂದೆ ಯಾರೂ ಇರುವುದಿಲ್ಲ. ಅದಕ್ಕೇ ಸಾರ್ ಆ ಫೈಲಿನಲ್ಲಿ ಒಂದು ಕಡೆ, ಕಂಪ್ಯೂಟರೇ ನಿಲ್ಲುತ್ತಿದ್ದರೆ ಕೇಳಬೇಡ, ಉಳಿಸಿ ಮುಚ್ಚಿಬಿಡು ಎಂದು ಬರೆದಿಟ್ಟಿದ್ದರು. ಪಕ್ಕದಲ್ಲಿ ಬೇರೆಯಾಗಿ ಒಂದು ಪ್ರತಿ ಎತ್ತಿಡಬೇಕಿತ್ತು. ಅವರು ಮೂಲದ ಮೇಲೆಯೇ ಉಳಿಸುವಂತೆ ಬರೆದಿದ್ದರು. ಕೇಳದೆ ಮುಚ್ಚಬಾರದು ಎಂದು ನಮಗೆಲ್ಲ ಬಾಯಿಪಾಠ ಮಾಡಿಸಿದವರು ತಾವು ಮಾತ್ರ ಕೇಳದೆ ಮುಚ್ಚಿದ್ದರು. ಒಪ್ಪಿಗೆಯಾದ ಕಾರ್ಡಿನ ಮೇಲೆ ಅರ್ಧ ಬದಲಾದ ಕಾರ್ಡು ಕೂತಿತು.

ಒಮ್ಮೆ ಒಪ್ಪಿದ ಕಾರ್ಡನ್ನು ಪ್ರೆಸ್ಸಿನಲ್ಲಿ ಮತ್ತೆ ಯಾರೂ ಓದುವುದಿಲ್ಲ. ಮರುದಿನ ಅದು ಅಚ್ಚಾಯಿತು. ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಬೀಗರನ್ನೆಲ್ಲ ಕೂರಿಸಿಕೊಂಡು ಪುರೋಹಿತರು ಗಟ್ಟಿಯಾಗಿ ಓದಿದರು. ಹುಡುಗ ಅವನೇ. ಹುಡುಗಿ ಮಾತ್ರ ಬೇರೆ ಯಾರದೋ ಮಗಳು. ಹುಡುಗಿಯ ತಾಯಿ ಅಲ್ಲೇ ಕುಸಿದು ಕೂತರಂತೆ. ಆ ಮದುವೆ ಆಮೇಲೆ ನಡೆಯಿತು, ಆದರೆ ಆ ಮುಹೂರ್ತದಲ್ಲಿ ನಡೆಯಲಿಲ್ಲ.

ಪ್ರೆಸ್ಸಿನ ಯಜಮಾನರು ಆ ಕಾರ್ಡನ್ನು ತಂದು ನಮ್ಮ ಬಾಸಿನ ಮೇಜಿನ ಮೇಲೆ ಬಡಿದರು. ಅವರ ಬಾಯಲ್ಲಿ ಬಂದ ಮಾತುಗಳನ್ನು ಬರೆಯಲಾರೆ. ಬಾಸು ಎಲ್ಲರನ್ನೂ ಒಳಗೆ ಕರೆದರು.

“ಇದು ಮುಚ್ಚುವಾಗ ಆಗಿರೋ ತಪ್ಪು. ಆ ಕೋಡ್ ಯಾರದು?”

ಅಭ್ಯಾಸಬಲದಿಂದ ಎಲ್ಲರ ಕಣ್ಣೂ ಸಾರ್ ಕಡೆಗೇ ಹೋಯಿತು. ಸಾರ್ ನನ್ನ ಕಡೆ ನೋಡಿದರು.

“ಈಗ ಅದನ್ನ ಅವಳು ನೋಡ್ಕೋತಾಳೆ” ಎಂದರು.

ಬಾಸು ಫೈಲು ತೆರೆಸಿದರು. ತಲೆಯಲ್ಲಿ ನನ್ನ ಹೆಸರು. “ಸಾರ್, ನಾನು ಅದ್ರಲ್ಲಿ ಒಂದಕ್ಷರ ಮುಟ್ಟಿಲ್ಲ” ಎಂದೆ.

“ಮುಟ್ಟದೇ ಇದ್ದಿದ್ದೇ ತಪ್ಪಲ್ವೇನಮ್ಮ? ಹೆಸರು ಯಾರ್ದಿದೆ ಅಲ್ಲಿ?” ಎಂದರು ಬಾಸು.

ನಾನು ಸಾರ್ ಮುಖ ನೋಡಿದೆ. ಅವರು ಜೇಬಿನ ಪೆನ್ನುಗಳನ್ನು ಸರಿಪಡಿಸಿಕೊಳ್ಳುತ್ತಿದ್ದರು. ಅಷ್ಟು ದಿನ ಬಾಯಿಗೆ ಬಿಡುವು ಕೊಡದ ಶಶಿ ತುಟಿ ಪಿಟಕ್ಕೆನ್ನಲಿಲ್ಲ. ಆ ಕೋಡನ್ನು ಬರೆದವರು ಯಾರು ಎಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ, ಎಮ್ಮೆಗೆ ಎಷ್ಟು ಉರಿಯುತ್ತದೆ ಎಂದು ಅವತ್ತು ಗೊತ್ತಾಯಿತು. ಆ ತಿಂಗಳ ಕೊನೆಗೆ ನನ್ನನ್ನು ಕಳಿಸಿದರು.

ಕೊನೆಯ ದಿನ ಸಾರ್ ನನ್ನ ಜೊತೆ ಬಸ್‌ಸ್ಟಾಪಿನ ತನಕ ನಡೆದು ಬಂದರು. ಕೆಂಗೇರಿಯ ಕಡೆಯ ಒಂದು ಕಂಪನಿಯ ಹೆಸರು ಹೇಳಿ, “ಹೇಳಿಟ್ಟಿದೀನಿ, ಹೋಗಿ ನೋಡು. ನಿನ್ನಂಥೋಳಿಗೆ ಇದು ಸಣ್ಣ ಜಾಗ” ಎಂದರು. ಬಸ್ಸು ಬಂತು. ಆ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಇವತ್ತೂ ಆ ಕಡೆಯೇ ಇದ್ದೇನೆ, ಮನೆಯೂ ಅಲ್ಲೇ ಆಗಿದೆ. ನನ್ನ ಕೈಕೆಳಗೆ ಈಗ ಹತ್ತಾರು ಜನ ಕೋಡು ಬರೆಯುತ್ತಾರೆ.

ನಾನು ಅವರನ್ನು ಕ್ಷಮಿಸಿದ್ದೆ. ಇದನ್ನು ನೀವು ನಂಬಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಕೋಪ ಇಳಿದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಸು ಮುಂಗೋಪಿ, ಸಾರಿಗೆ ವಯಸ್ಸಾಗಿತ್ತು, ಮಗಳಿಗೆ ಗಂಡು ನೋಡುತ್ತಿದ್ದರು. ಹೆದರಿದರು, ಬಾಯಿಗೆ ಬಂದದ್ದು ಬಂದುಹೋಯಿತು, ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಮನುಷ್ಯ ತಾನೇ. ಮೀಟಿಂಗಿನ ದಿನ ಹೆದರಿದರು, ಆದರೆ ಆಯುಧಪೂಜೆಯ ದಿನ ನನ್ನನ್ನು ನಂಬಿದ್ದರಲ್ಲ! ಆ ದಿನವನ್ನು ಈ ದಿನಕ್ಕೆ ತಾಗದ ಹಾಗೆ ಬೇರೆ ಎತ್ತಿಟ್ಟುಕೊಂಡೆ.

ಹೊಸ ಕಂಪನಿಯಲ್ಲಿ ಇಂಗ್ಲಿಷಿನವರ ನಡುವೆ ಬಾಯಿ ಕಟ್ಟಿದಾಗಲೆಲ್ಲ ಆ ದಿನವನ್ನು ನೆನೆಸಿಕೊಳ್ಳುತ್ತಿದ್ದೆ. ಅಂಥ ಗಟ್ಟಿ ಕೆಲಸಗಾರರು, ಯಾರನ್ನೂ ಹತ್ತಿರ ಬಿಡದವರು, ಎಲ್ಲರೆದುರು ತಮ್ಮ ಹೆಸರು ಅಳಿಸಿ ನನ್ನ ಹೆಸರು ಬರೆದರು. ಹಾಗಾದರೆ ನನ್ನಲ್ಲಿ ಏನೋ ಇದೆ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆಲ್ಲ ಆ ಕಥೆ ಹೇಳಿದ್ದೇನೆ. ಗಂಡನಿಗೆ ಹೇಳಿದ್ದೇನೆ. ಮೀಟಿಂಗಿನ ಕಥೆಯನ್ನು ಮಾತ್ರ ಯಾರಿಗೂ ಹೇಳಿಲ್ಲ. ಪ್ರತಿ ವರ್ಷ ಗುರುಪೂರ್ಣಿಮೆಗೆ ಅವರಿಗೆ ಫೋನು ಮಾಡುತ್ತಿದ್ದೆ. “ಚೆನ್ನಾಗಿದೀಯೇನಮ್ಮ?” ಎನ್ನುವರು. ಒಂದು ಸಲವೂ ಅವರಾಗಿ ಫೋನು ಇಡುತ್ತಿರಲಿಲ್ಲ, ನಾನು ಇಡುವ ತನಕ ಕಾಯುತ್ತಿದ್ದರು.

ಹೋದ ತಿಂಗಳು ಶಶಿ ಫೋನು ಮಾಡಿ, “ಸಾರ್ ಹೋಗ್ಬಿಟ್ರು ಕಣೇ, ಹಾರ್ಟು. ಹದಿಮೂರನೇ ದಿನಕ್ಕೆ ಬಾ” ಎಂದ. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಹೊಸಹಳ್ಳಿಯಲ್ಲಿ ಇಳಿಯುವ ತನಕ ಒಂದೇ ಯೋಚನೆ. ಅಲ್ಲಿ ಯಾರಾದರೂ ಎರಡು ಮಾತು ಹೇಳಿ ಎಂದರೆ ಆಯುಧಪೂಜೆಯ ದಿನದ್ದನ್ನೇ ಹೇಳಬೇಕು. ಮನಸ್ಸಿನಲ್ಲೇ ಜೋಡಿಸಿಕೊಂಡೆ. ಪುರಿ ಚೆಲ್ಲಿದ್ದನ್ನು ಹೇಳುವಾಗ ಮಾತು ತಪ್ಪಬಾರದು ಎಂದು ಅಭ್ಯಾಸವನ್ನೂ ಮಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದರು.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವರು ಆ ಪ್ರೆಸ್ಸಿನ ಯಜಮಾನರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಅವರಿಗೂ ನನಗೂ ಸಾರಿನ ಅನ್ನ ಮುಗಿಯುವಷ್ಟು ಹೊತ್ತು ಬೇಕಾಯಿತು.

“ಅಯ್ಯೋ, ನೀವು ಆ ಹುಡುಗಿ ಅಲ್ವಾ? ಅವತ್ತು ನಿಮ್ಮೇಲೆ ನಾನು ಹಂಗೆ ರೇಗಾಡ್ಬಾರ್ದಿತ್ತು ಮೇಡಂ.”

“ಬಿಡಿ ಸಾರ್, ಹಳೇ ಕಥೆ.”

“ಹಳೇದೇ. ಆದ್ರೂ ನಂಗೆ ಅಷ್ಟು ಕೋಪ ಯಾಕೆ ಬಂತು ಅಂದ್ರೆ, ಮುಂಚೆನೇ ಹೇಳಿದ್ನಲ್ಲ. ಅದಕ್ ಮುಂಚೆ ಒಂದು ಗೃಹಪ್ರವೇಶದ ಕಾರ್ಡು ಹಿಂಗೇ ಕಲಸಿಹೋಗಿತ್ತು. ಅಚ್ಚಾಗೋಕ್ ಮೊದ್ಲು ಕಣ್ಣಿಗ್ ಬಿತ್ತು, ಬಚಾವಾದ್ವಿ. ಅವತ್ತೇ ನಿಮ್ಮ ಸಾರ್‌ಗೆ ಫೋನ್ ಮಾಡ್ದೆ.”

ಎಲೆಗೆ ಮೊಸರನ್ನ ಬಂದಿತ್ತು. “ಯಾವಾಗ ಸಾರ್ ಅದು?” ಎಂದು ಕೇಳಿದೆ.

“ಆಯುಧಪೂಜೆಗೆ ಮೆಷಿನ್ ತೊಳೀತಾ ಇದ್ವಿ ನೋಡಿ, ಹಬ್ಬದ ಹಿಂದಿನ ದಿನ.”

“ಏನಂದ್ರು ಅವರು?”

“ಮುಚ್ಚುವಾಗ ಆಗ್ತಿರೋ ಎಡವಟ್ಟು, ಎಲ್ಲಿ ಅಂತ ನಂಗೆ ಗೊತ್ತಾಯ್ತು ಅಂದ್ರು. ಸರಿ ಮಾಡಿ ಅಂದ್ರೆ, ಸೀಸನ್ ಟೈಮಲ್ಲಿ ಅಲ್ಲಿ ಕೈ ಹಾಕಿದ್ರೆ ಇನ್ನೇನೋ ಆಗತ್ತೆ, ನಾಳೆಯಿಂದ ಅದನ್ನ ಒಬ್ಬ ಹುಡುಗಿಗೆ ವಹಿಸ್ತಾ ಇದೀನಿ, ಇನ್ಮೇಲೆ ಏನಿದ್ರೂ ಅವಳನ್ನೇ ಕೇಳಿ ಅಂದ್ರು.” ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ನಿಮಗೆ ಹೇಳಿರ್ಲಿಲ್ವಾ?”

ಎಲೆ ಮಡಚಿ ಎದ್ದೆ. ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ.

ಉಹೂಂ, ಹೇಳಿರಲಿಲ್ಲ. ಹಬ್ಬದ ಹಿಂದಿನ ದಿನವೇ ಗೊತ್ತಿತ್ತು. ಬೆಂಕಿ ಎಲ್ಲಿ ಹತ್ತಿದೆ ಎಂದು ನೋಡಿಕೊಂಡು, ಆ ಮನೆಯ ಬೀಗದ ಕೈಯನ್ನು ಹೂವಿನ ಜೊತೆ ನನ್ನ ಕೈಗೆ ಕೊಟ್ಟಿದ್ದರು. ಮುಟ್ಟಬೇಡ ಎಂದದ್ದೂ ಅದಕ್ಕೇ. ಅವತ್ತು ಅವರಿಗೆ ಬೇಕಾಗಿದ್ದದ್ದು ತಮ್ಮ ಹೆಸರನ್ನು ಅಳಿಸುವುದು. ನನ್ನ ಹೆಸರು ಬರೆದದ್ದು ಆ ಜಾಗ ಖಾಲಿ ಬಿಡುವಂತಿರಲಿಲ್ಲ ಎಂಬ ಕಾರಣಕ್ಕೆ. ನಾನು ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟರಲ್ಲ, ಆಗ ಅವರ ಮನಸ್ಸಿನಲ್ಲಿ ಏನಿತ್ತು? ಶಶಿಗೆ ಯಾಕೆ ಕೊಡಲಿಲ್ಲ? ಅವನು ಬಾಯಿ ಬಿಡುತ್ತಿದ್ದ. ನಾನು ಬಾಗಿಲನ್ನು ಮೆತ್ತಗೆ ಹಾಕುವ ಹುಡುಗಿ.

ಕೆಲಸ ಹೋದಾಗ ನಾನು ಇಷ್ಟು ಅತ್ತಿರಲಿಲ್ಲ. ಆಗ ಹೋದದ್ದು ಕೆಲಸ, ಇನ್ನೊಂದು ಸಿಕ್ಕಿತು. ಈಗ ಹೋದದ್ದು ನಾನು ಒಳ್ಳೆಯ ಕೆಲಸಗಾರ್ತಿ ಎಂದು ನನಗೆ ಹೇಳಿದ ಒಂದೇ ಒಂದು ದಿನ. ಅದಕ್ಕೆ ಬದಲಿ ಎಲ್ಲಿಂದ ತರಲಿ? ಬೈಯೋಣವೆಂದರೆ ಆ ಮನುಷ್ಯ ಹಾರ ಹಾಕಿಸಿಕೊಂಡು ಫೋಟೋದಲ್ಲಿ ಕೂತಿದ್ದಾರೆ.

ಹೊರಗೆ ಬರುವಷ್ಟರಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಅವರ ಮಗಳು, “ಅಪ್ಪನ ಆಫೀಸಿನೋರು ಎರಡೆರಡು ಮಾತು ಹೇಳಿ. ಅಮ್ಮಂಗೆ ಸಮಾಧಾನ ಆಗತ್ತೆ” ಎಂದರು. ಶಶಿ ಎದ್ದು, ಸಾರ್ ಕೈಯಲ್ಲಿ ಒಂದು ಅಕ್ಷರವೂ ಕಳೆದುಹೋದದ್ದಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡ. ಹೇಳಿ ಕೂತವನು ನನ್ನ ಕಡೆ ನೋಡಲಿಲ್ಲ. ಆಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದು, “ನೀನು ಹೇಳಮ್ಮ. ಮನೇಲಿ ನಿನ್ ವಿಷ್ಯ ಬಂದ್ರೆ ಇವರು ಮಾತೇ ಆಡ್ತಿರ್ಲಿಲ್ಲ, ಕಣ್ಣಲ್ಲಿ ನೀರು ಹಾಕ್ಕೊಳ್ಳೋರು. ಅಷ್ಟು ಅಭಿಮಾನ” ಎಂದರು.

ಎದ್ದು ನಿಂತೆ. ಎದುರಿಗೆ ಪ್ರೆಸ್ಸಿನ ಯಜಮಾನರು ಕೂತಿದ್ದರು. ಬಾಯಿ ತೆರೆದರೆ ಎರಡು ನಿಮಿಷದ ಕೆಲಸ, ಸಾಕ್ಷಿ ಎದುರಿಗೇ ಇದೆ. ಆದರೆ ನನ್ನ ಕೈ ಇನ್ನೂ ಆ ಹೆಂಗಸಿನ ಕೈಯಲ್ಲಿತ್ತು, ಅದು ಬಿಸಿಯಾಗಿತ್ತು. ಅವರು ನನಗೆ ಏನು ಮಾಡಿದ್ದರು?

ಹಾಗಾಗಿ ಮೆಟ್ರೋದಲ್ಲಿ ಜೋಡಿಸಿಕೊಂಡು ಬಂದದ್ದನ್ನೇ ಹೇಳಿದೆ. ಬಾಳೆಕಂದು, ಸೇವಂತಿಗೆ, ಹೆಸರು ಅಳಿಸಿ ಹೆಸರು ಬರೆದದ್ದು, ಪುರಿ ಚೆಲ್ಲಿದ್ದು, ತಲೆಯ ಮೇಲಿನ ಕೈ. ಇಷ್ಟು ವರ್ಷ ನಿಜವೆಂದು ಹೇಳಿಕೊಂಡು ಬಂದದ್ದನ್ನು ಮೊದಲ ಸಲ ಸುಳ್ಳೆಂದು ಗೊತ್ತಿದ್ದೂ ಹೇಳುತ್ತಿದ್ದೆ. ಒಂದು ಮಾತೂ ತಪ್ಪಲಿಲ್ಲ. ಹೆಂಡತಿ ಅತ್ತರು, ಮಗಳು ಅತ್ತರು. ಪ್ರೆಸ್ಸಿನ ಯಜಮಾನರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ನೆಲ ನೋಡುತ್ತಿದ್ದರು. ಅವರಿಗೆ ಅರ್ಥವಾಗಿತ್ತು.

ನಾನು ಕೂರುವಷ್ಟರಲ್ಲಿ ಮಗಳು ಓಡಿ ಬಂದರು. “ಅಕ್ಕ, ಸಾರಿ, ಫೋನಲ್ಲಿ ರೆಕಾರ್ಡ್ ಆಗ್ಲಿಲ್ಲ. ಆ ಆಯುಧಪೂಜೆದು ಇನ್ನೊಂದ್ಸಲ ಹೇಳ್ತೀರಾ? ಅಮ್ಮ ದಿನಾ ಕೇಳ್ತಾಳೆ.”

ಹೇಳಿದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು ಎಂದು ಶಶಿ ಆಮೇಲೆ ಹೇಳಿದ.